ಜಮೀನು ಮಾರಿ ಸಿನಿಮಾ ಕಲಿಯಬೇಕಾ?

ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತೆ, ನಮ್ಮ ಚಾನೆಲ್‌ಗಳ ಕ್ಯಾಮೆರಾ ಅಲ್ಲಿಗೆ ಓಡುತ್ತೆ. ಅಂಥದ್ದೇ ಒಂದು ಸುದ್ದಿ ಮುಗಿಸಿಕೊಂಡು ವಾಪಸ್ ಬರುವಾಗ ಪಾಲಹಳ್ಳಿಯಲ್ಲಿ ಟೀ ಕುಡಿಯೋಕೆ ಗಾಡಿ ನಿಲ್ಲಿಸಿದ್ವಿ. ಟಿವಿಯವರು ಬಂದಿದ್ದಾರೆ ಅಂದ್ರೆ ಜನ ಸೇರೋದು ಮಾಮೂಲು. ನಾಲೆ ನೀರಿನ ವಿಷಯ ಒಬ್ಬರು ಕೇಳ್ತಾರೆ, ಕಬ್ಬಿನ ಬಾಕಿ ಹಣದ ವಿಷಯ ಇನ್ನೊಬ್ಬರು ಕೇಳ್ತಾರೆ. ಅವತ್ತು ಇಪ್ಪತ್ತು ವರ್ಷದ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಮುಂದೆ ಬಂದ. "ಸಾರ್, ಒಂದ್ ಹನ್ನೊಂದ್ ನಿಮ್ಸ ಟೈಮ್ ಕೊಡ್ತೀರಾ? ನಾನೊಂದು ಶಾರ್ಟ್ ಫಿಲಂ ಮಾಡಿವ್ನಿ" ಅಂದ.

ಹನ್ನೊಂದು ನಿಮಿಷ ಅಂದ್ರೆ ಟಿವಿಯವನಿಗೆ ಒಂದು ಬ್ರೇಕಿನಿಂದ ಇನ್ನೊಂದು ಬ್ರೇಕಿಗಿರುವಷ್ಟು ದೂರ. ಆದರೂ ಕೂತು ನೋಡಿದೆ. ಅವನ ಅಜ್ಜಿ, ಒಂದು ಆಲೆಮನೆ, ಬೆಲ್ಲದ ಕೊಪ್ಪರಿಗೆ. ಅಷ್ಟೇ ಕಥೆ. ಚಿತ್ರ ಚೆನ್ನಾಗಿತ್ತು. ಹೊಗೆಯ ಮಧ್ಯೆ ಅಜ್ಜಿ ಮುಖ ಕಾಣೋದನ್ನ ಅವನು ಹಿಡಿದ ರೀತಿಗೆ ನಮ್ಮ ಕ್ಯಾಮೆರಾಮನ್ ಕೂಡ ಬಗ್ಗಿ ನೋಡಿದ. ಆದರೆ ಅಜ್ಜಿ ಆಡಿದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಕಬ್ಬು ಅರೆಯುವ ಯಂತ್ರದ ಸದ್ದು ಎಲ್ಲವನ್ನೂ ನುಂಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಅವನ ಅಪ್ಪ ಬಂದ್ರು. "ಸಾರ್, ನೀವು ಟಿವೀಲಿ ಊರ್ಗೆಲ್ಲ ಬುದ್ಧಿ ಹೇಳ್ತೀರಲ್ಲ, ನಮ್ ಹೈದಂಗೂ ಒಂದ್ ಮಾತು ಹೇಳಿ. ಡೈರೆಕ್ಟ್ರಾಯ್ತೀನಿ ಅಂತವ್ನೆ. ಬೆಂಗ್ಳೂರಲ್ಲಿ ಆರ್ ತಿಂಗ್ಳು ಕೋರ್ಸಂತೆ, ನಾಕ್ ಲಕ್ಷವಂತೆ. ನಂಗಿರೋದೇ ಮೂವತ್ ಗುಂಟೆ. ಅದ್ರಲ್ಲಿ ಹತ್ ಗುಂಟೆ ಕೇಳ್ಕಂಡು ಒಬ್ರು ಬಂದವ್ರೆ. ಮಾರ್ಬುಡ್ಲಾ?"

ನೋಡಿ, ಸ್ಟುಡಿಯೋದಲ್ಲಿ ಕೂತು ಮಂತ್ರಿಗಳನ್ನ ಪ್ರಶ್ನೆ ಮಾಡೋದು ಸುಲಭ. ಒಬ್ಬ ರೈತ ನಿಮ್ಮ ಮುಖ ನೋಡಿ "ಮಾರ್ಬುಡ್ಲಾ" ಅಂತ ಕೇಳಿದಾಗ ಉತ್ತರ ಕೊಡೋದು ಸುಲಭ ಅಲ್ಲ. "ಸ್ವಲ್ಪ ತಡೀರಿ ಗೌಡ್ರೇ, ವಿಚಾರಿಸಿ ಹೇಳ್ತೀನಿ" ಅಂದು ಬಂದೆ. ಈ ಲೇಖನ ಆ ವಿಚಾರಣೆಯ ಫಲ. ಇಂಥ ಅಪ್ಪ ಮಕ್ಕಳು ಪಾಲಹಳ್ಳಿಯಲ್ಲಿ ಮಾತ್ರ ಇಲ್ಲ, ಹಾಗಾಗಿ ನಿಮ್ಮ ಮುಂದೆಯೂ ಇಡ್ತಿದ್ದೀನಿ.

ಮೊದಲಿಗೆ ಒಂದು ಮಾತು. ಈ ಸೀಮೆಯವರಿಗೆ ಸಿನಿಮಾ ಹೊಸದಲ್ಲ. ಬೃಂದಾವನದ ಕಾರಂಜಿ, ಮೇಲುಕೋಟೆಯ ಕಲ್ಯಾಣಿ, ರಾಯಗೋಪುರ, ಮಹದೇವಪುರದ ಹೊಳೆ ದಂಡೆ, ಇವುಗಳ ಮುಂದೆ ಎಷ್ಟು ನಾಯಕರು ಕುಣಿದರೋ ಲೆಕ್ಕ ಇಟ್ಟವರಿಲ್ಲ. ಆದರೆ ಶೂಟಿಂಗ್ ನೋಡೋದಕ್ಕೂ ಸಿನಿಮಾ ಮಾಡೋದು ಕಲಿಯೋದಕ್ಕೂ ಸಂಬಂಧ ಕಡಿಮೆ. ಹಗ್ಗದ ಈಚೆ ನಿಂತವನಿಗೆ ಹೀರೋ ಕಾಣ್ತಾನೆ, ಲೈಟು ಕಾಣುತ್ತೆ, ಛತ್ರಿ ಹಿಡಿದವನು ಕಾಣ್ತಾನೆ. ನಿರ್ದೇಶಕ ಅನ್ನೋನು ಏನು ಕೆಲಸ ಮಾಡ್ತಾನೆ ಅನ್ನೋದು ಮಾತ್ರ ಕಾಣೋದಿಲ್ಲ. ಅವನ ಕೆಲಸ ಇರೋದು ಆಯ್ಕೆಯಲ್ಲಿ. ಯಾವುದನ್ನ ತೋರಿಸಬೇಕು, ಯಾವುದನ್ನ ಬಿಡಬೇಕು, ಯಾವ ಮಾತು ಯಾರ ಮುಖದ ಮೇಲೆ ಕೇಳಿಸಬೇಕು ಅನ್ನೋದು. ಇದನ್ನ ಕಲಿಯೋದು ಹೇಗೆ?

ಇದೇ ಜಿಲ್ಲೆಯಿಂದ ಎರಡು ಉದಾಹರಣೆ ಕೊಡ್ತೀನಿ. ಇಬ್ಬರೂ ಸಿನಿಮಾ ಶಾಲೆಯಿಂದ ಬಂದವರಲ್ಲ.

ಮೊದಲನೆಯವರು ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯವರು. ಹೆಸರಲ್ಲೇ ಊರನ್ನ ಹೊತ್ತುಕೊಂಡಿರುವ ನಾಗತಿಹಳ್ಳಿ ಚಂದ್ರಶೇಖರ್. 1958ರಲ್ಲಿ ಹುಟ್ಟಿದವರು. ಓದಿದ್ದು ಕನ್ನಡ, ಪಾಠ ಮಾಡಿದ್ದು ಕನ್ನಡ. ಗಾಂಧಿನಗರದಲ್ಲಿ ಇವತ್ತಿಗೂ ಅವರು "ಮೇಷ್ಟ್ರು". ಕಥೆ ಬರೆದು ಹೆಸರು ಮಾಡಿದ ಮೇಲೆ ಬರಹಗಾರರಾಗಿ ಚಿತ್ರರಂಗದ ಒಳಗೆ ಹೋದರು. ಅಲ್ಲಿಂದ ನಿರ್ದೇಶನಕ್ಕೆ ಬಂದರು. ಮೊದಲ ಚಿತ್ರ 1992ರ 'ಉಂಡೂ ಹೋದ ಕೊಂಡೂ ಹೋದ'. ಅನಂತನಾಗ್, ತಾರಾ ಇದ್ದ ಚಿತ್ರ. ಅಧಿಕಾರಿ ಅಂತ ಹೇಳಿಕೊಂಡು ಹಳ್ಳಿಗೆ ಬಂದವನೊಬ್ಬ ಊರಿನವರ ಅನ್ನ ಉಂಡು, ಅವರನ್ನೇ ಮಂಗ ಮಾಡುವ ಕಥೆ.

ಈ ಮೊದಲ ಚಿತ್ರವನ್ನ ಸ್ವಲ್ಪ ಗಮನಿಸಿ. ಕಥೆಗಾರನೊಬ್ಬ ಕ್ಯಾಮೆರಾದ ಹಿಂದೆ ಹೊಸದಾಗಿ ನಿಂತಿದ್ದಾನೆ. ಅವನಿಗೆ ಲೆನ್ಸಿನ ವಿದ್ಯೆ ಪೂರ್ತಿ ಗೊತ್ತಿರಬೇಕಾಗಿಲ್ಲ. ಆದರೆ ಹಳ್ಳಿಯವನು ಅಧಿಕಾರಿಯ ಮುಂದೆ ಹೇಗೆ ನಿಲ್ತಾನೆ, ಪಂಚಾಯ್ತಿ ಕಟ್ಟೆಯಲ್ಲಿ ಹೇಗೆ ಮಾತಾಡ್ತಾನೆ, ಸುಳ್ಳು ಗೊತ್ತಾದ ಮೇಲೂ ಮರ್ಯಾದೆಗೆ ಅಂಜಿ ಹೇಗೆ ಸುಮ್ಮನಿರ್ತಾನೆ ಅನ್ನೋದು ಗೊತ್ತು. ಅವರು ಮೊದಲು ಇಳಿದದ್ದು ತಮಗೆ ಗೊತ್ತಿದ್ದ ನೀರಿಗೆ. ಫಾರಿನ್ ಲೊಕೇಶನ್ನು ಆಮೇಲೆ ಬಂತು.

1993ರಲ್ಲಿ 'ಬಾ ನಲ್ಲೆ ಮಧುಚಂದ್ರಕೆ'. ಅದರ ನಾಯಕ ಕೆ. ಶಿವರಾಂ, ನಿಜವಾದ ಐಎಎಸ್ ಅಧಿಕಾರಿ! ಹಾಡು ಜನರ ಬಾಯಲ್ಲಿ ಕುಣಿದವು, ಮಾರುಕಟ್ಟೆ ಅಂದ್ರೆ ಏನು ಅನ್ನೋ ಪಾಠ ಅಲ್ಲಿ ಆಗಿರಬೇಕು. 1994ರಲ್ಲಿ 'ಕೊಟ್ರೇಶಿ ಕನಸು'. ಇಲ್ಲಿ ಕಥೆ ಅವರದಲ್ಲ, ಕುಂ. ವೀರಭದ್ರಪ್ಪನವರದು. ಓದಬೇಕು ಅನ್ನೋ ಆಸೆಯ ದಲಿತ ಹುಡುಗನ ಕಥೆ. ಆ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕೊಟ್ರೇಶಿ ಆಗಿದ್ದ ಬಾಲಕ ವಿಜಯ ರಾಘವೇಂದ್ರನಿಗೂ ಬಂತು. ಅದಾದ ಮೇಲೆ 'ಅಮೆರಿಕಾ ಅಮೆರಿಕಾ', ಅದಕ್ಕೂ ರಾಷ್ಟ್ರಪ್ರಶಸ್ತಿ. ಹಳ್ಳಿಯ ವಿಡಂಬನೆ, ಹಾಡಿನ ಸಿನಿಮಾ, ಬೇರೆಯವರ ಕಥೆ, ಬೇರೆ ದೇಶ. ಒಂದೊಂದು ಚಿತ್ರದಲ್ಲೂ ತನಗೆ ಬಾರದ ಒಂದು ವಿದ್ಯೆಯನ್ನ ಹುಡುಕಿಕೊಂಡು ಹೋದ ಹಾಗಿದೆ ಅಲ್ವಾ? ನನ್ನ ಪ್ರಕಾರ ಅವರ ಕೋರ್ಸು ಅಂದ್ರೆ ಈ ನಾಲ್ಕು ಸಿನಿಮಾ.

ತಮಾಷೆ ಏನಂದ್ರೆ, ಶಾಲೆ ಇಲ್ಲದೆ ಕಲಿತ ಈ ಮೇಷ್ಟ್ರು ಆಮೇಲೆ ತಾವೇ ಒಂದು ಸಿನಿಮಾ ಶಾಲೆ ತೆರೆದರು. ಅದಕ್ಕಿಟ್ಟ ಹೆಸರು 'ಟೆಂಟ್ ಸಿನಿಮಾ'. ವಯಸ್ಸಾದ ವೀಕ್ಷಕರಿಗೆ ಆ ಹೆಸರು ಕೇಳಿದ್ರೇ ಮರಳಿನ ತಂಪು ನೆನಪಾಗುತ್ತೆ. ಟೆಂಟಿನಲ್ಲಿ ಪ್ರೊಜೆಕ್ಟರ್ ಇರುತ್ತಿದ್ದದ್ದು ಒಂದೇ. ಒಂದು ರೀಲು ಮುಗಿದರೆ ಇನ್ನೊಂದು ಏರಿಸುವ ತನಕ ಕತ್ತಲು, ಸೋಡಾ, ಕಡ್ಲೆಕಾಯಿ. ಆ ಕತ್ತಲಲ್ಲಿ ನಾವೆಲ್ಲ "ಈಗ ಏನಾಗುತ್ತೆ" ಅಂತ ಪಕ್ಕದವನ ಜೊತೆ ಜಗಳ ಆಡ್ತಿದ್ವಿ. ಚಿತ್ರಕಥೆಯ ಪಾಠ ಅಂದ್ರೆ ಅದೇ ಕಣ್ರೀ. ಮುಂದೇನು ಅನ್ನೋ ಪ್ರಶ್ನೆಯನ್ನ ಪ್ರೇಕ್ಷಕನ ತಲೆಯೊಳಗೆ ಇಟ್ಟು ದೀಪ ಆರಿಸೋದು.

ಎರಡನೆಯವರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ. 'ತಿಥಿ' ಸಿನಿಮಾ ಗೊತ್ತು. ಗಡ್ಡಪ್ಪ ಗೊತ್ತು, ಸೆಂಚುರಿ ಗೌಡ ಗೊತ್ತು. ಅದನ್ನ ಬರೆದವರು ಯಾರು? ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು. ಸಿನಿಮಾ ಚಿತ್ರೀಕರಣ ಆಗಿದ್ದೂ ಅದೇ ಊರಲ್ಲಿ.

ನಿರ್ದೇಶಕ ರಾಮ್ ರೆಡ್ಡಿ ಬೆಂಗಳೂರಿನ ಹುಡುಗ, ಪ್ರಾಗ್ ನಗರದ ಚಿತ್ರಶಾಲೆಯಲ್ಲಿ ಓದಿದವರು. ಈರೇಗೌಡರು ಓದಿದ್ದು ಊರಿನ ಜನರನ್ನ. ಇಬ್ಬರೂ ಸೇರಿ ಬರೆದರು. ಪಾತ್ರಗಳಿಗೆ ಜನರನ್ನ ಹುಡುಕುವ ಕೆಲಸವನ್ನೂ ಈರೇಗೌಡರೇ ಹೊತ್ತರು. ಎಂದೂ ಕ್ಯಾಮೆರಾ ಮುಂದೆ ನಿಲ್ಲದ ರೈತರು, ಕುರಿ ಕಾಯೋರು, ಹೆಂಗಸರು, ಮುದುಕರು ಪಾತ್ರಗಳಾದರು. 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ 'ಚಿನ್ನದ ಚಿರತೆ' ಈ ಚಿತ್ರಕ್ಕೆ ಬಂತು, ಅತ್ಯುತ್ತಮ ಚೊಚ್ಚಲ ಚಿತ್ರ ಪ್ರಶಸ್ತಿಯೂ ಬಂತು. ಮರುವರ್ಷ 63ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ. 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಜನ ಸಾಲು ನಿಂತು ನೋಡಿದರು. ಪ್ರಶಸ್ತಿ ಚಿತ್ರ ಅಂದ್ರೆ ನಿದ್ದೆ ಚಿತ್ರ ಅಂತ ನಾವೆಲ್ಲ ಅಂದುಕೊಂಡಿದ್ವಲ್ಲ, ಅದನ್ನ ನೊದೆಕೊಪ್ಪಲಿನ ಮುದುಕರು ಸುಳ್ಳು ಮಾಡಿದರು.

ಕಥೆ ನೆನಪಿದೆಯಾ? ನೂರೊಂದು ವರ್ಷದ ಸೆಂಚುರಿ ಗೌಡ ಸಾಯ್ತಾನೆ. ಹನ್ನೊಂದನೇ ದಿನದ ತಿಥಿಗೆ ಸಿದ್ಧತೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರಬೇಕು. ಆದರೆ ಹಕ್ಕಿರೋದು ಅಪ್ಪ ಗಡ್ಡಪ್ಪನಿಗೆ, ಅವನೋ ಜಮೀನಿನ ಗೊಡವೆಯೇ ಬೇಡ ಅಂತ ಊರೂರು ತಿರುಗ್ತಾನೆ. ಬದುಕಿರೋ ಅಪ್ಪನನ್ನ ಸತ್ತ ಅಂತ ಕಾಗದದಲ್ಲಿ ತೋರಿಸೋಕೆ ಮಗ ಹೊರಡ್ತಾನೆ. ಪಾಲಹಳ್ಳಿಯಿಂದ ಬರುವಾಗ ಕಾರಿನಲ್ಲಿ ನನ್ನ ತಲೆಯೊಳಗೆ ಓಡ್ತಿದ್ದದ್ದು ಇದೇ ಸಿನಿಮಾ. ಜಮೀನು ಮಾರೋಕೆ ಹೊರಟವನ ಕಥೆ ಬರೆದು ಒಬ್ಬ ಹಳ್ಳಿಯವನು ಸಿನಿಮಾದವನಾದ. ಇಲ್ಲಿ ಸಿನಿಮಾದವನಾಗೋಕೆ ಜಮೀನು ಮಾರ್ತೀನಿ ಅಂತಿದ್ದಾರೆ!

ಸಾವಿನ ಕ್ರಿಯೆ ಸುತ್ತ ಕಥೆ ಅಂದಾಗ 1970ರ 'ಸಂಸ್ಕಾರ' ಯಾರಿಗಾದರೂ ನೆನಪಾಗಬಹುದು. ಆ ಚಿತ್ರ ಮಾಡಿದ ಪಟ್ಟಾಭಿರಾಮ ರೆಡ್ಡಿ ಕವಿ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. 'ತಿಥಿ'ಗೆ ಕ್ಯಾಮೆರಾ ಹಿಡಿದದ್ದೂ ಹೊರದೇಶದವರೇ, ಡೊರಾನ್ ಟೆಂಪರ್ಟ್. ನಮಗೆ ಅಭ್ಯಾಸವಾಗಿ ಕಣ್ಣಿಗೆ ಬೀಳದೇ ಹೋದದ್ದು ಹೊರಗಿನವರ ಕಣ್ಣಿಗೆ ಬೇಗ ಬೀಳುತ್ತೆ ಅಂತ ಕಾಣುತ್ತೆ. ಆದರೆ ಒಳಗಿನವನು ಜೊತೆಗಿಲ್ಲದಿದ್ದರೆ ಅದು ಬರೀ ಪ್ರವಾಸಿಯ ಫೋಟೋ ಆಗುತ್ತೆ.

'ತಿಥಿ' ಗೆದ್ದ ಮೇಲೆ ಏನಾಯ್ತು ಅನ್ನೋದನ್ನೂ ನೋಡಬೇಕು. ಗಡ್ಡಪ್ಪ, ಸೆಂಚುರಿ ಗೌಡರನ್ನ ಹಾಕಿಕೊಂಡು ಬೇರೆ ಚಿತ್ರಗಳು ಬಂದವು. ಮುಖ ಅದೇ, ಗಡ್ಡ ಅದೇ. ಆದರೆ ಆ ಮೋಡಿ ಬರಲಿಲ್ಲ. ಯಾಕೆ? ಮುಖ ಸಿಕ್ಕಿತ್ತು, ಆ ಮುಖವನ್ನ ಎಷ್ಟು ಹೊತ್ತು ಸುಮ್ಮನೆ ಬಿಡಬೇಕು ಅನ್ನೋ ತಿಳಿವಳಿಕೆ ಸಿಕ್ಕಿರಲಿಲ್ಲ. ಈರೇಗೌಡರು ಮಾತ್ರ ಗೆದ್ದ ಎತ್ತಿನ ಬಾಲ ಹಿಡಿದು ಓಡಲಿಲ್ಲ. ತಾವೇ ನಿರ್ದೇಶಕರಾಗಿ 'ಬಳೆಕೆಂಪ' ಅನ್ನೋ ಚಿತ್ರ ಮಾಡಿದರು. ಹಳ್ಳಿಯಿಂದ ಹಳ್ಳಿಗೆ ಬಳೆ ಮಾರುವವನು, ಅವನ ಹೆಂಡತಿ, ಮಕ್ಕಳಿಲ್ಲದ ಸಂಸಾರ. 'ತಿಥಿ'ಯ ಗದ್ದಲ ಇಲ್ಲ, ನಗು ಕಡಿಮೆ, ಮೌನ ಜಾಸ್ತಿ. 2018ರಲ್ಲಿ ನೆದರ್‌ಲ್ಯಾಂಡಿನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಚಿತ್ರ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಅದಕ್ಕೆ ಬಂತು. ನಮ್ಮ ಚಾನೆಲ್‌ಗಳಲ್ಲಿ ಎಷ್ಟು ಸೆಕೆಂಡು ಬಂತು ಅಂತ ಕೇಳಬೇಡಿ. ನಾನೂ ಆ ದಿನ ಬೇರೆ ಯಾವುದೋ ಕೂಗಾಟದಲ್ಲಿದ್ದೆ.

ಈಗ ಒಂದು ವಿಷಯ ಬಿಚ್ಚಿ ಹೇಳಬೇಕು. "ಯಾರ ಹತ್ರನೂ ಕಲೀದೆ ತಾನೇ ಕಲಿತ" ಅಂತ ನಾವು ಟಿವಿಯವರು ದೊಡ್ಡದಾಗಿ ಹೇಳ್ತೀವಲ್ಲ, ಅದು ಅರ್ಧ ನಿಜ. ಶಾಲೆ ಇರಲಿಲ್ಲ ಅನ್ನೋದು ನಿಜ. ಗುರು ಇರಲಿಲ್ಲ ಅನ್ನೋದು ಸುಳ್ಳು. ಈರೇಗೌಡರಿಗೆ ರಾಮ್ ರೆಡ್ಡಿ ಇದ್ದರು, ರಾಮ್ ರೆಡ್ಡಿಗೆ ಈರೇಗೌಡರಿದ್ದರು. ನಾಗತಿಹಳ್ಳಿಯವರ ಪಕ್ಕದಲ್ಲಿ ಅನಂತನಾಗ್ ಥರದ ಪಳಗಿದ ನಟ ಇದ್ದರು. ಅದಕ್ಕೂ ಹಿಂದೆ ಹೋದರೆ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನ ಪುಟ್ಟಣ್ಣ ಯಾವ ಶಾಲೆಯಲ್ಲಿ ಓದಿದರು? ಬಿ.ಆರ್. ಪಂತುಲು ಅವರ ಕೈಕೆಳಗೆ ಸಹಾಯಕರಾಗಿ ದುಡಿದರು. ಅಡುಗೆ ಭಟ್ಟರ ಹಿಂದೆ ನಿಂತು ಸೌಟು ಹಿಡಿಯೋದನ್ನ ಕಲಿತ ಹಾಗೆ.

ಪ್ರಪಂಚದಲ್ಲೂ ಇದೇ ಕಥೆ. ಸತ್ಯಜಿತ್ ರಾಯ್ ಕಲ್ಕತ್ತಾದ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುವ ನೌಕರಿಯಲ್ಲಿದ್ದರು. ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾ ಬಂಗಾಳದಲ್ಲಿ ಸಿನಿಮಾ ಮಾಡೋಕೆ ಬಂದಾಗ ಅವರ ಜೊತೆ ಜಾಗ ಹುಡುಕುತ್ತಾ ತಿರುಗಿದರು. 1950ರಲ್ಲಿ ಕಂಪನಿ ಕೆಲಸಕ್ಕೆ ಲಂಡನ್ನಿಗೆ ಹೋದಾಗ ಆರು ತಿಂಗಳಲ್ಲಿ ನೂರರ ಹತ್ತಿರ ಸಿನಿಮಾ ನೋಡಿದರು. ವಾಪಸ್ ಬಂದು 'ಪಥೇರ್ ಪಾಂಚಾಲಿ' ಶುರು ಮಾಡಿದಾಗಲೂ ನೌಕರಿ ಬಿಟ್ಟಿರಲಿಲ್ಲ, ಶೂಟಿಂಗು ರಜಾ ದಿನದಲ್ಲಿ. ಕ್ಯಾಮೆರಾಮನ್ ಸುಬ್ರತ ಮಿತ್ರ ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. 1952ರ ಅಕ್ಟೋಬರಿನಲ್ಲಿ ಬಿಳಿ ಕಾಶ್ ಹೂವಿನ ಬಯಲಲ್ಲಿ ಅಕ್ಕ ತಮ್ಮ ಓಡುವ ದೃಶ್ಯ ಶುರು ಮಾಡಿದರು. ನಮ್ಮ ಕಬ್ಬಿನ ಸೂಲಂಗಿ ಥರ ಕಾಣೋ ಹೂವು ಅದು. ಒಂದು ದಿನ ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ಹೂವೇ ಇಲ್ಲ, ದನ ಮೇಯ್ದು ಹೋಗಿವೆ! ಮತ್ತೆ ಹೂ ಬಿಡೋ ಕಾಲದ ತನಕ ಕಾಯಬೇಕಾಯ್ತು. ಚಿತ್ರ ತೆರೆಗೆ ಬಂದದ್ದು 1955ರಲ್ಲಿ.

ರಾಯ್ ಹೆಂಡತಿಯ ಒಡವೆ ಅಡ ಇಟ್ಟರು ಅಂತ ಯಾರಾದರೂ ನನ್ನ ಬಾಯಿ ಮುಚ್ಚಿಸಬಹುದು. ಹೌದು, ಇಟ್ಟರು. ಆದರೆ ಇಟ್ಟದ್ದು ಫೀಸು ಕಟ್ಟೋಕಲ್ಲ, ಅರ್ಧ ತೆಗೆದ ಸಿನಿಮಾ ಮುಂದುವರಿಸೋಕೆ. ಆ ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ.

ಇನ್ನೊಬ್ಬ, ಈಗಿನ ಹುಡುಗರ ದೇವರು, ಕ್ರಿಸ್ಟೋಫರ್ ನೋಲನ್. ಓದಿದ್ದು ಲಂಡನ್ನಿನಲ್ಲಿ ಇಂಗ್ಲಿಷ್ ಸಾಹಿತ್ಯ. ಕಾಲೇಜಿನ ಸಿನಿಮಾ ಸಂಘದ ಸಲಕರಣೆಗಳನ್ನ ಬಳಸಿ ಕೈ ಪಳಗಿಸಿಕೊಂಡವರು. 1998ರ ಮೊದಲ ಚಿತ್ರ 'ಫಾಲೋಯಿಂಗ್' ಶನಿವಾರಗಳಲ್ಲಿ ಗೆಳೆಯರನ್ನ ಕಟ್ಟಿಕೊಂಡು ತೆಗೆದದ್ದು. ಫಿಲ್ಮ್ ರೋಲಿಗೆ ದುಡ್ಡಿಲ್ಲ, ಅದಕ್ಕೆ ನಾಟಕದ ಥರ ತಾಲೀಮು ಮಾಡಿಸಿ ಒಂದೋ ಎರಡೋ ಟೇಕಿನಲ್ಲಿ ಮುಗಿಸುತ್ತಿದ್ದರು. ಈಗ ಮೊಬೈಲಿನಲ್ಲಿ ಎಷ್ಟು ಸಲ ಬೇಕಾದರೂ ತೆಗೀಬಹುದು. ಅದೇ ತೊಂದರೆ ನೋಡಿ. ತಾಲೀಮು ಅನ್ನೋದೇ ಮರೆತು ಹೋಗಿದೆ.

ಹಾಗಾದರೆ ಶಾಲೆ ದಂಡವಾ? ಇಲ್ಲ. ಗಿರೀಶ್ ಕಾಸರವಳ್ಳಿ ಔಷಧ ವಿಜ್ಞಾನ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು, 1977ರಲ್ಲಿ ಮೊದಲ ಚಿತ್ರ 'ಘಟಶ್ರಾದ್ಧ'ಕ್ಕೇ ಸ್ವರ್ಣಕಮಲ ತಂದವರು. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಗುರುದತ್ ಚಿತ್ರಗಳಿಗೆ ಬೆಳಕು ಕೊಟ್ಟು, ಕೊನೆಗೆ ಫಾಲ್ಕೆ ಪ್ರಶಸ್ತಿ ಪಡೆದರು. ಕ್ಯಾಮೆರಾ, ಧ್ವನಿ, ಸಂಕಲನ, ಇವೆಲ್ಲ ಕೈಕೆಲಸ. ಯಂತ್ರ ಮುಟ್ಟಿ, ತಪ್ಪು ಮಾಡಿ, ತಿದ್ದಿಸಿಕೊಂಡು ಕಲಿಯಬೇಕು. ಅದಕ್ಕೆ ಎರಡು ಮೂರು ವರ್ಷ ಓದಿಸುವ ಸರ್ಕಾರಿ ಸಂಸ್ಥೆಗಳಿವೆ, ನಮ್ಮ ಹೆಸರಘಟ್ಟದಲ್ಲೇ ಒಂದಿದೆ. ಪ್ರವೇಶ ಸಿಕ್ಕಿದರೆ ಬಿಡಬೇಡಿ. ನನ್ನ ತಕರಾರು ಇರೋದು ಆರು ತಿಂಗಳಲ್ಲಿ ನಿರ್ದೇಶಕ ಮಾಡ್ತೀವಿ ಅನ್ನೋ ಅಂಗಡಿಗಳ ಮೇಲೆ. ಆರು ತಿಂಗಳಲ್ಲಿ ಶಬ್ದಕೋಶ ಬಾಯಿಪಾಠ ಆಗಬಹುದು. ಕಾದಂಬರಿ ಬರೆಯೋಕೆ ಬರುತ್ತಾ?

ವಿಚಾರಿಸಿದ್ದನ್ನೆಲ್ಲ ಇಟ್ಟುಕೊಂಡು ಪಾಲಹಳ್ಳಿಗೆ ಫೋನ್ ಮಾಡಿದೆ. ಹುಡುಗ ಸ್ಪೀಕರ್ ಹಾಕಿದ, ಅಪ್ಪ ಪಕ್ಕದಲ್ಲೇ ಇದ್ದರು. "ಗೌಡ್ರೇ, ಈಗ ಮಾರಬೇಡಿ. ಒಂದು ವರ್ಷ ಅವನಿಗೆ ಕೆಲಸ ಕೊಡ್ತೀನಿ. ಆಮೇಲೂ ಕೋರ್ಸು ಬೇಕು ಅನ್ನಿಸಿದರೆ ನೋಡೋಣ" ಅಂದೆ. ಕೊಟ್ಟ ಕೆಲಸ ಏನು ಅಂತ ಇಲ್ಲೂ ಹೇಳ್ತೀನಿ, ನಿಮ್ಮ ಮನೆಯಲ್ಲೂ ಅಂಥ ಹುಡುಗ ಹುಡುಗಿ ಇರಬಹುದು.

ಒಂದು, ಧ್ವನಿ. ಇದರ ಬಗ್ಗೆ ನಾನು ಅನುಭವದಿಂದ ಮಾತಾಡ್ತೀನಿ. ವರದಿಗಾರನಾಗಿದ್ದ ಹೊಸದರಲ್ಲಿ ಪ್ರವಾಹದ ಊರೊಂದಕ್ಕೆ ಹೋಗಿದ್ದೆ. ಮನೆ ಕಳಕೊಂಡ ತಾಯಿಯೊಬ್ಬರು ಹತ್ತು ನಿಮಿಷ ಮಾತಾಡಿದರು. ಅಂಥ ಮಾತು ನಾನು ಮತ್ತೆ ಕೇಳಿಲ್ಲ. ಆಫೀಸಿಗೆ ಬಂದು ಹಾಕಿದರೆ ಬರೀ ಗಾಳಿ. ನಾನು ಹೆಡ್‌ಫೋನ್ ಹಾಕಿಕೊಳ್ಳದೆ ಧೀರನ ಥರ ನಿಂತಿದ್ದೆ. ಅವತ್ತು ಹಿರಿಯ ಕ್ಯಾಮೆರಾಮನ್ ಒಬ್ಬರು ಹೇಳಿದ್ದು, ಚಿತ್ರ ಅಲ್ಲಾಡಿದರೆ ಜನ ಸಹಿಸ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ ಅಂತ. ಮೊಬೈಲಿನ ಮೈಕು ದೂರದ ಮಾತು ಹತ್ತಿರದ ಸದ್ದು ಅಂತ ಭೇದ ಮಾಡಲ್ಲ, ಎಲ್ಲವನ್ನೂ ಬಾಚುತ್ತೆ. ಉಪಾಯ ಸುಲಭ. ಮನೆಯಲ್ಲಿರೋ ಇನ್ನೊಂದು ಹಳೇ ಮೊಬೈಲನ್ನ ರೆಕಾರ್ಡಿಂಗಿಗೆ ಹಾಕಿ, ಅಜ್ಜಿಯ ಸೆರಗಿನ ಮರೆಯಲ್ಲಿ, ಎದೆಯ ಹತ್ತಿರ ಸಿಕ್ಕಿಸು. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟು. ಎಡಿಟಿಂಗಿನಲ್ಲಿ ಚಪ್ಪಾಳೆಯ ಚಿತ್ರ, ಚಪ್ಪಾಳೆಯ ಸದ್ದು ಎರಡನ್ನೂ ಒಂದಕ್ಕೊಂದು ಕೂರಿಸಿದರೆ ಮಾತು ತುಟಿಗೆ ಸರಿಹೊಂದುತ್ತೆ. ಕ್ಲಾಪ್ ಬೋರ್ಡ್ ಇರೋದೇ ಅದಕ್ಕೆ, ಪೂಜೆ ದಿನ ಫೋಟೋ ತೆಗೆಸಿಕೊಳ್ಳೋಕಲ್ಲ. ಯಂತ್ರ ನಿಲ್ಲಿಸಿ ಮಾತು ತೆಗಿ. ಯಂತ್ರದ ಸದ್ದನ್ನ ಬೇರೆಯಾಗಿ ಒಂದು ನಿಮಿಷ ತೆಗೆದಿಟ್ಟುಕೋ, ಆಮೇಲೆ ಮಾತಿನ ಕೆಳಗೆ ಮೆಲ್ಲಗೆ ಹಾಕು.

ಇನ್ನೊಂದು, ನೋಡೋ ಕೆಲಸ. ವಾರಕ್ಕೆ ಒಂದೇ ಸಿನಿಮಾ, ಆದರೆ ಮೂರು ಸಲ. ಮೊದಲ ಸಲ ಎಲ್ಲರ ಹಾಗೆ ನೋಡು. ಎರಡನೇ ಸಲ ಸದ್ದು ಪೂರ್ತಿ ತೆಗೆದು ನೋಡು. ಆಗ ಕ್ಯಾಮೆರಾ ಎಲ್ಲಿದೆ, ಒಂದು ಶಾಟ್ ಯಾವಾಗ ಮುಗಿಯುತ್ತೆ ಅನ್ನೋದು ತಾನಾಗಿ ಕಾಣುತ್ತೆ. ಇಬ್ಬರು ಎದುರುಬದುರು ಮಾತಾಡುವಾಗ ಅವರ ನಡುವೆ ಒಂದು ಗೆರೆ ಎಳೆದಿದ್ದಾರೆ ಅಂದ್ಕೋ. ಕ್ಯಾಮೆರಾ ಸಾಮಾನ್ಯವಾಗಿ ಆ ಗೆರೆಯ ಒಂದೇ ಪಕ್ಕದಲ್ಲಿ ಉಳಿಯುತ್ತೆ. ದಾಟಿದರೆ ಬಲಕ್ಕೆ ನೋಡ್ತಿದ್ದವನು ಎಡಕ್ಕೆ ನೋಡಿದ ಹಾಗಾಗಿ, ಮಾತಾಡ್ತಿರೋದು ಯಾರ ಜೊತೆ ಅಂತಲೇ ಪ್ರೇಕ್ಷಕನಿಗೆ ತಿಳಿಯಲ್ಲ. ಆಲೆಮನೆ ಚಿತ್ರದಲ್ಲಿ ಈ ತಪ್ಪು ಎರಡು ಕಡೆ ಇತ್ತು. ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳು.

ಆಮೇಲೆ ಬರವಣಿಗೆ. ಈ ಕೆಲಸ ಹೇಳಿದಾಗ ಹುಡುಗ ಫೋನಿನಲ್ಲೇ ಮುಖ ಸಿಂಡರಿಸಿದ್ದು ನನಗೆ ಕಾಣಿಸ್ತು. ದಿನಾ ಒಂದು ಪುಟ, ಊರಿನಲ್ಲಿ ಕೇಳಿದ ಮಾತು ಕೇಳಿದ ಹಾಗೆ. ಬಸ್ ಸ್ಟ್ಯಾಂಡು, ಡೇರಿ, ಸೊಸೈಟಿ, ತಿಥಿ ಮನೆ, ಎಲ್ಲೇ ಆಗಲಿ. ನಾಗತಿಹಳ್ಳಿಯವರಿಗೂ ಈರೇಗೌಡರಿಗೂ ಸಿನಿಮಾ ಒಳಗೆ ಹೋಗೋಕೆ ಬಾಗಿಲು ತೆರೆದದ್ದು ಬರವಣಿಗೆ. ಕ್ಯಾಮೆರಾ ಬಾಡಿಗೆಗೆ ಸಿಗುತ್ತೆ, ಎಡಿಟರ್ ಸಿಗ್ತಾನೆ. ಪಾಲಹಳ್ಳಿಯ ಮಾತು ಬಾಡಿಗೆಗೆ ಎಲ್ಲೂ ಸಿಗಲ್ಲ. ಈ ಊರಲ್ಲಿ 1847ರಲ್ಲೇ ಅಷ್ಟಗ್ರಾಮ ಶುಗರ್ ವರ್ಕ್ಸ್ ಅಂತ ಒಂದು ಕಾರ್ಖಾನೆ ಶುರುವಾಗಿತ್ತು, ರೈತರು ಕಾಯಿಸಿದ ಬೆಲ್ಲ ತಗೊಂಡು ಸಕ್ಕರೆ ಮಾಡ್ತಿದ್ದರು. ನಿನ್ನ ಅಜ್ಜಿಗೆ ಅವರ ಅಜ್ಜಿ ಅದರ ಬಗ್ಗೆ ಏನಾದರೂ ಹೇಳಿದ್ದರಾ ಕೇಳಿದ್ದೀಯಾ ಅಂದೆ. "ಇಲ್ಲ ಸಾರ್, ಕೇಳೇ ಇಲ್ಲ" ಅಂದ.

ಕೊನೆಯದನ್ನ ಅಪ್ಪನಿಗೆ ಹೇಳಿದೆ. ಒಬ್ಬನೇ ಕೂತು ಮಾಡಿದರೆ ಇದು ಮುಂದಕ್ಕೆ ಹೋಗಲ್ಲ. ಐದು ಜನ ಗೆಳೆಯರು ಬೇಕು, ಅದರಲ್ಲಿ ಒಬ್ಬನಾದರೂ "ಚೆನ್ನಾಗಿಲ್ಲ ಕಣೋ" ಅಂತ ಮುಖಕ್ಕೆ ಹೇಳುವವನಾಗಿರಬೇಕು. ಜೊತೆಗೆ, ಹತ್ತಿರದಲ್ಲೆಲ್ಲಾದರೂ ಶೂಟಿಂಗಿಗೆ ಬಂದರೆ ಹೀರೋ ಜೊತೆ ಸೆಲ್ಫಿ ತೆಗೆಯೋದು ಬಿಟ್ಟು, ಸಹಾಯಕ ನಿರ್ದೇಶಕರ ಹತ್ತಿರ ಹೋಗಿ ಏನಾದರೂ ಕೆಲಸ ಇದೆಯಾ ಕೇಳಲಿ. ಒಂದು ಪಾತ್ರ ಬೆಳಗ್ಗೆ ಯಾವ ಅಂಗಿ ಹಾಕಿತ್ತು, ಕೈಯಲ್ಲಿ ಗಡಿಯಾರ ಇತ್ತಾ ಇಲ್ಲವಾ ಅಂತ ಬರೆದಿಡುವ ಕೆಲಸ ಕೊಟ್ಟರೂ ಸಾಕು. ಕಂಟಿನ್ಯುಟಿ ಅಂತಾರೆ ಅದಕ್ಕೆ. ಬೆಳಗ್ಗೆ ಬಾಗಿಲು ದಾಟುವ ಶಾಟ್, ನಾಲ್ಕು ದಿನ ಬಿಟ್ಟು ಒಳಗೆ ಬರುವ ಶಾಟ್ ತೆಗೀತಾರೆ. ಆ ಲೆಕ್ಕ ಇಡುವವನಿಗೆ ಸಿನಿಮಾ ತುಂಡು ತುಂಡಾಗಿ ಹೇಗೆ ಹುಟ್ಟುತ್ತೆ ಅನ್ನೋದು ತಿಳಿದುಬಿಡುತ್ತೆ. ದುಡ್ಡು ಕೊಡ್ತಾರಾ ಅಂತ ಗೌಡರು ಕೇಳಿದರು. ಹೆಚ್ಚಾಗಿ ಕೊಡಲ್ಲ ಅಂತ ಇದ್ದದ್ದು ಇದ್ದ ಹಾಗೇ ಹೇಳಿದೆ. ಊಟ ಹಾಕ್ತಾರೆ. ಈ ಉದ್ಯಮದ ಕೆಟ್ಟ ಚಾಳಿ ಅದು, ಬಡವರ ಮಕ್ಕಳು ಅರ್ಧದಲ್ಲೇ ವಾಪಸ್ ಹೋಗೋದಕ್ಕೆ ದೊಡ್ಡ ಕಾರಣವೂ ಅದೇ. ಅದಕ್ಕೇ ರಾಯ್ ಕಥೆ ಹೇಳಿದ್ದು. ಬೇರೆ ಯಾವುದಾದರೂ ಸಂಪಾದನೆ ಕೈಯಲ್ಲಿರಲಿ. ಸಿನಿಮಾ ಭಾನುವಾರಕ್ಕಿರಲಿ.

ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿ ಬುಡಿ ಸಾರ್" ಅಂದು ಫೋನ್ ಮಗನ ಕೈಗೆ ಕೊಟ್ಟರು. ಅವರಿಗೆ ಸಮಾಧಾನ ಆಯ್ತೋ, ಮಗನ ದಾರಿಗೆ ನಾನು ಅಡ್ಡ ಬಂದೆ ಅನ್ನಿಸ್ತೋ, ಆ ದನಿಯಲ್ಲಿ ಗೊತ್ತಾಗಲಿಲ್ಲ. ನಾನು ಹೇಳಿದ್ದು ತಪ್ಪಾಗಿಯೂ ಇರಬಹುದು. ಆ ಹುಡುಗನಿಗೆ ಕೋರ್ಸಿನಲ್ಲ್ಯಾರೋ ಒಬ್ಬ ರಾಮ್ ರೆಡ್ಡಿ ಸಿಕ್ಕಿಬಿಡ್ತಿದ್ದನೇನೋ. ರಾತ್ರಿ ಒಂದೊಂದು ಸಲ ಹಾಗೂ ಅನ್ನಿಸುತ್ತೆ.

ಕಳೆದ ತಿಂಗಳು ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಅದೇ ಆಲೆಮನೆ, ಅದೇ ಅಜ್ಜಿ. ಹನ್ನೊಂದು ನಿಮಿಷ ಇದ್ದದ್ದು ಏಳಕ್ಕೆ ಇಳಿದಿದೆ. ಈ ಸಲ ಅಜ್ಜಿ ಮಾತು ಕೇಳುತ್ತೆ. ಪಾಕ ಬಂತಾ ಇಲ್ಲವಾ ಅಂತ ಬೆರಳಲ್ಲಿ ನೋಡುತ್ತಾ, ಮದುವೆಯಾಗಿ ಈ ಊರಿಗೆ ಬಂದ ದಿನದ ಕಥೆ ಹೇಳ್ತಾರೆ. ಮೊದಲ ಸಲ ಹೊಗೆಯಲ್ಲಿ ಮುಖ ಕಂಡಿತ್ತಲ್ಲ, ನಮ್ಮ ಕ್ಯಾಮೆರಾಮನ್ ಮೆಚ್ಚಿದ ಶಾಟ್, ಅದೇ ಇಲ್ಲ. ಫೋನ್ ಮಾಡಿ ಯಾಕಪ್ಪಾ ತೆಗೆದೆ ಅಂತ ಕೇಳಿದೆ. "ಚೆಂದಾಗಿತ್ತು ಸಾರ್. ಆದ್ರೆ ಅದು ಬಂದೇಟ್ಗೆ ಎಲ್ರೂ ಹೊಗೆ ನೋಡೋರು, ಅಜ್ಜಿ ಮಾತು ಬುಟ್ಬುಡೋರು" ಅಂದ.

ಜಮೀನಿನ ವಿಷಯ ಏನಾಯ್ತು ಅಂದೆ. "ಅಪ್ಪ ಮೂವತ್ ಗುಂಟೆಗೂ ಕಬ್ಬು ಹಾಕ್ಬುಟ್ಟವ್ರೆ ಸಾರ್. ಕಟಾವ್ ಆಗೋಗಂಟ ಯಾರು ಬಂದ್ರೂ ಮಾತೇ ಆಡಲ್ಲ ಅಂತವ್ರೆ."